ಕ್ಯಾಮರಾದ ಮುಂದ ಮಾತು ನಡಿಯಂಗಿಲ್ಲ

ಹಳೇ ಹುಬ್ಬಳ್ಳಿ ಮನಷ್ಯಾನ ಮ್ಯಾಲೆ ಓವರ್‌ಸ್ಪೀಡ್ ಕೇಸ್ ಬಿತ್ತು ಅಂದ್ರ ಮಂದಿ ಮೊದಲ ನಗತಾರ, ಆಮ್ಯಾಲೆ ‘ಎಲ್ಲಿ ಬಿತ್ತು?’ ಅಂತ ಕೇಳತಾರ. ಯಾಕಂದ್ರ ಊರಾಗ ಅಂತೂ ಬೀಳಾಕ ಸಾಧ್ಯ ಇಲ್ಲ. ಇಂಡಿಪಂಪಿನಿಂದ ದುರ್ಗದ ಬೈಲಿನ ತನಕ ಒಮ್ಮೆ ಗಾಡಿ ಹೊಡಕೊಂಡ ಹೋಗಿ ನೋಡ್ರಿ. ಎಡಕ್ಕ ಬಾಳಿಹಣ್ಣಿನ ತಳ್ಳುಗಾಡಿ, ಬಲಕ್ಕ ಉಳ್ಳಾಗಡ್ಡಿ ಇಳಸಾಕ ನಿಂತ ಟೆಂಪೋ, ನಡಬರಕ ಕುಂತು ಮೆಲಕ ಹಾಕೂ ಆಕಳ. ಆ ಆಕಳ ದಾಟಿದ್ರ, ರಸ್ತಾದಾಗ ಆಟೋ ನಿಲ್ಲಿಸಿ ಎದರಿನ ಆಟೋದಾಂವನ ಜೋಡಿ ಮಗಳ ಲಗ್ನದ ಮಾತಾಡೂ ಇನ್ನೊಬ್ಬ ಆಟೋದಾಂವ. ಹಾರ್ನ್ ಹೊಡದ್ರ ‘ಒಂದ ನಿಮಿಷ ತಡೀರಿ ಸಾಹೇಬ್ರ, ಹುಡುಗಾ ಏನ್ ಮಾಡ್ತಾನ ಅಂತ ಕೇಳಿ ಬಿಡ್ತೇನಿ’ ಅಂತಾನ. ನಮಗೂ ಹುಡುಗಾ ಏನ್ ಮಾಡ್ತಾನ ಅನ್ನೂದು ತಿಳೀಬೇಕಾಗಿರ್ತೈತಿ, ನಿಲ್ತೇವಿ. ಇಂಥಾದ್ರಾಗ ಮೂರನೇ ಗೇರ್ ಹಾಕಿದ ದಿವ್ಸ ನೆನಪಿಟ್ಟುಕೊಳ್ಳೂವಂಥಾ ದಿವ್ಸ. ಶಿವರಾತ್ರಿ ಮರುದಿವ್ಸ ಸಿದ್ಧಾರೂಢರ ತೇರು ಎಳಿಯೂ ಮುಂದ ಅಂತೂ ಗಾಡಿ ಮನ್ಯಾಗ ಬಿಟ್ಟು ನಡಕೊಂಡ ಹೋಗೂದ ಲಗೂ ಆಕ್ಕೈತಿ.

ಅದಕ್ಕ ಬಾಜೂಮನಿ ಅಣ್ಣಾರ ಮೊಬೈಲಿಗೆ ‘ನಿಮ್ಮ ಗಾಡಿ ತಾಸಿಗೆ 117 ಕಿಲೋಮೀಟರ್ ಹೋಗೈತಿ, 1,000 ರೂಪಾಯಿ ದಂಡ ಕಟ್ಟಬೇಕು’ ಅಂತ ಮೆಸೇಜ್ ಬಂದಾಗ ಅವರು ಹೆದರಲಿಲ್ಲ, ಹಿಗ್ಗಿಬಿಟ್ರು.

“ಏ ತಮ್ಮಾ, ಬಾ ಇಲ್ಲೆ! ನಮ್ಮ ಗಾಡಿ ನೂರಾ ಹದಿನೇಳು ಓಡೈತಿ ನೋಡು!”

ನಮ್ಮ ಮನಿಗೂ ಅವರ ಮನಿಗೂ ನಡುವ ಎದಿಮಟ್ಟದ ಒಂದು ಕಂಪೌಂಡ್ ಗ್ವಾಡಿ ಐತಿ. ಕಟ್ಟಿಸಿದ್ದು ಹದ್ದು ಗೊತ್ತಾಗಲಿ ಅಂತ, ಈಗ ಬಳಕಿ ಆಗೂದು ಮೊಣಕೈ ಊರಾಕ, ಚಾದ ಕಪ್ಪು ಇಡಾಕ. ನಾ ಹೋಗಿ ನೋಡಿದೆ. ಫೋಟೋ ಭಾಳ ಛಲೋ ಬಂದಿತ್ತು. ಕೆಎ-63 ನಂಬರ್ ಪ್ಲೇಟು ಅಚ್ಚುಕಟ್ಟಾಗಿ ಕಾಣಾಕತ್ತಿತ್ತು, ಬಂಪರಿಗೆ ಕಟ್ಟಿದ ಲಿಂಬಿಹಣ್ಣು ಮೆಣಸಿನಕಾಯಿನೂ ಕಾಣಾಕತ್ತಿದ್ವು. ದೃಷ್ಟಿ ತಾಗಬಾರದು ಅಂತ ಕಟ್ಟಿದ್ದು, ಕ್ಯಾಮರಾದ ದೃಷ್ಟಿಗೆ ಏನೂ ಮಾಡಲಿಲ್ಲ.

ವೈನಿ ಹಿಟ್ಟಿನ ಕೈಯಾಗ ಹೊರಗ ಬಂದ್ರು. “ನನ್ನ ತವರಮನಿ ನವಲಗುಂದಕ್ಕ ಹೋಗೂವಾಗ ನಲವತ್ತು ದಾಟಂಗಿಲ್ಲ. ಇಂಜಿನ್ ಕಾಯ್ತೈತಿ, ಟೈರ್ ಸವೀತಾವ, ಎಲ್ಲಾ ಹೇಳತಾರ. ತಮ್ಮ ಅಕ್ಕನ ಮಗನ ಲಗ್ನ ಅಂದಕೂಡ್ಲೇ ಗಾಡಿಗೆ ರೆಕ್ಕಿ ಬಂದ್ವು ನೋಡ್ರಿ!”

ಆಗಿದ್ದಿಷ್ಟ. ಲಗ್ನ ಮೈಸೂರಾಗ. ಬೆಂಗಳೂರಿನ ಮಗಳ ಮನ್ಯಾಗ ರಾತ್ರಿ ಉಳದು ಮುಂಜಾನೆ ಹೊಂಟಾರ. ನಾಷ್ಟಾ ಮಾಡೂದ್ರಾಗ, ಮೊಮ್ಮಗನ ಒಂದು ಬೂಟು ಹುಡಕೂದ್ರಾಗ, ಉಡಗೊರಿ ಸೀರಿ ಮ್ಯಾಲಿನ ಮನ್ಯಾಗ ಮರತು ಬಂದು ಮತ್ತ ಹೋಗಿ ತರೂದ್ರಾಗ ತಡಾ ಆತು. ಲಗ್ನಪತ್ರಿಕಿಯೊಳಗ ಅಕ್ಕಿಕಾಳಿನ ವ್ಯಾಳ್ಯಾ 11 ಗಂಟೆ. ಎದರಿಗೆ ನೋಡಿದ್ರ ಸಪಾಟ ರಸ್ತಾ, ಆಕಳ ಇಲ್ಲ, ತಳ್ಳುಗಾಡಿ ಇಲ್ಲ, ಹುಡುಗಾ ಏನ್ ಮಾಡ್ತಾನ ಅಂತ ಕೇಳೂ ಆಟೋದಾಂವನೂ ಇಲ್ಲ. ಆಟೋ, ಬೈಕನ್ನ 2023ರ ಆಗಸ್ಟ್ 1ರಿಂದ ಆ ರಸ್ತಾದ ನಡುವಿನ ದಾರಿಗೆ ಬಿಡೂದನ್ನ ನಿಲ್ಲಿಸ್ಯಾರ. ಹಳೇ ಹುಬ್ಬಳ್ಳ್ಯಾಗ ಮೂವತ್ತು ವರ್ಷ ಎರಡನೇ ಗೇರಿನ್ಯಾಗ ಗಾಡಿ ಹೊಡದ ಕಾಲು ಅದು, ಅಂಥಾ ರಸ್ತಾ ಕಂಡು ಒತ್ತೇ ಒತ್ತೈತಿ. ಕಾರಿಗೆ ಅಲ್ಲಿ ನೂರರ ಮಿತಿ. ಕಂಬದ ಮ್ಯಾಲಿನ ಕ್ಯಾಮರಾ ನಂಬರ್ ಪ್ಲೇಟು ತಾನ ಓದಿ, ವೇಗಾನೂ ತಾನ ಲೆಕ್ಕಾ ಮಾಡ್ತೈತಿ.

ಒಂದು ಮಜಾ ನೋಡ್ರಿ. ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ಕ್ಕ. ಅದ ದಿವ್ಸ, ಅದ ಪ್ರಧಾನಿಗಳು ಮಂಡ್ಯದಾಗ ಅದನ್ನ ಮುಗಿಸಿ ಧಾರವಾಡಕ್ಕ ಬಂದು ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲ್ವೆ ಸ್ಟೇಶನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆ ಮಾಡಿದ್ರು. ಜಗತ್ತಿನ್ಯಾಗ ಅದಕ್ಕಿಂತ ಉದ್ದಂದು ಇಲ್ಲ ಅಂತಾರ. ಆ ಕಡಿ ಮಂದಿಗೆ ಲಗೂ ಹೋಗಾಕ ರಸ್ತಾ ಸಿಕ್ತು, ನಮಗ ಬ್ಯಾಗು ಹೊತಕೊಂಡು ನಡಿಯಾಕ ಒಂದೂವರಿ ಕಿಲೋಮೀಟರ್ ಸಿಕ್ತು. ಯಾರ ದೈವ ಹೆಂಗೋ ಹಂಗ.

ಅಣ್ಣಾರಿಗೆ ಹಿಗ್ಗು ಇಳದ ಮ್ಯಾಲೆ ಬ್ಯಾಸರಾ ಶುರು ಆತು. ಸಾವಿರ ರೂಪಾಯಿದು ಅಲ್ಲ. “ಯಾರಿಗೆ ಏನಂತ ಹೇಳೂದಪಾ ಈಗ?” ಅಂದ್ರು. ಅವರ ಅಡಚಣಿ ನನಗ ತಿಳೀತು. ಮೊದಲೆಲ್ಲಾ ಹಿಂಗ ಇರಲಿಲ್ಲ. ಸೀಟಿ ಊದಿ, ಕೈ ಅಡ್ಡ ಮಾಡಿ ‘ಬಾಜೂಕ ಹಚ್ಚು’ ಅನ್ನೂ ಒಬ್ಬ ಪೊಲೀಸ ಇರ್ತಿದ್ದ. ಅವನ ಮಾರಿ ಕಾಣ್ತಿತ್ತು, ನಮ್ಮ ಮಾರಿ ಅವಗ ಕಾಣ್ತಿತ್ತು. ‘ಯಾವ ಓಣಿ?’ ಅಂತ ಶುರು ಆದ್ರ ‘ಚನ್ನಪೇಟದ ಆ ಕಿರಾಣಿ ಅಂಗಡಿ ಹಿಂದಿನ ಮನಿಯೇನು? ಅವರ ಅಳಿಯಾ ನಮ್ಮ ಕುಂದಗೋಳದಾಂವ’ ಅನ್ನೂದಕ್ಕ ಬಂದು ನಿಲ್ಲತಿತ್ತು. ಆಮ್ಯಾಲೆ ಬೈಗುಳ ಬೀಳ್ತಿದ್ವು, ಒಮ್ಮೊಮ್ಮೆ ದಂಡಾನೂ ಬೀಳ್ತಿತ್ತು, ಒಮ್ಮೊಮ್ಮೆ ‘ಇನ್ನೊಮ್ಮೆ ಕಂಡಿ ಅಂದ್ರ ನೋಡು’ ಅನ್ನೂದಕ್ಕ ಮುಗೀತಿತ್ತು. ದಂಡ ಬಿದ್ರೂ ಮನಸ್ಸಿಗೆ ಹಗುರ ಇರ್ತಿತ್ತು, ಯಾಕಂದ್ರ ಹೇಳೂದನ್ನ ಹೇಳಿ ಮುಗಿಸಿರ್ತಿದ್ವಿ.

ಇದನ್ನ ನಾ ಹೊಗಳಾಕ ಹೇಳಾಕತ್ತಿಲ್ಲ. ಆ ಮಾತುಕತಿಯೊಳಗ ಓಣಿ ಗೊತ್ತಿದ್ದಾಂವ ಪಾರಾಗ್ತಿದ್ದ, ಗದಗಿನಿಂದ ಹೊಸದಾಗಿ ಬಂದು ಬಾಡಿಗಿ ಮನ್ಯಾಗ ಇರೂ ಪ್ಲಂಬರ್ ಕಟ್ಟತಿದ್ದ. ಕ್ಯಾಮರಾಕ್ಕ ಓಣಿ ಗೊತ್ತಿಲ್ಲ, ಅಳಿಯಾ ಗೊತ್ತಿಲ್ಲ. ಮುಖ್ಯಮಂತ್ರಿಗಳೂ ಗೊತ್ತಿಲ್ಲ. 2025ರಾಗ ಪೇಪರಿನ್ಯಾಗ ಬಂದಿತ್ತಲ್ಲ, ಸಿದ್ದರಾಮಯ್ಯನವರ ಸರ್ಕಾರಿ ಗಾಡಿ ಮ್ಯಾಲೂ ಏಳು ಕೇಸು ಇದ್ದುವಂತ, ಹೆಚ್ಚಿನವು ಸೀಟ್‌ಬೆಲ್ಟಿನವು, ಒಂದು ಓವರ್‌ಸ್ಪೀಡಿಂದು. ಅರ್ಧಾ ರಿಯಾಯಿತಿ ಇದ್ದಾಗ ಅದನ್ನೂ ಕಟ್ಟಿ ಮುಗಿಸಿದ್ರು. ಇದನ್ನ ಹೇಳಿದ್ರ ಅಣ್ಣಾರಿಗೆ ಸಮಾಧಾನ ಆದೀತು ಅಂತ ಹೇಳಿದೆ. ಅವರಿಗೆ ಅದರಾಗ ಒಂದ ಶಬ್ದ ಕೇಳಿಸ್ತು. “ರಿಯಾಯಿತಿ? ಮತ್ತ ಯಾವಾಗ ಬರ್ತೈತಿ?”

ಇಷ್ಟೊತ್ತಿಗೆ ಹಿತ್ತಲ ಕಡಿ ಗ್ವಾಡಿಯಿಂದ ಶಿರಸ್ತೇದಾರ ಕಾಕಾರ ತಲಿ ಕಾಣಿಸ್ತು. ಕಾಕಾರು ಕೋರ್ಟಿನ್ಯಾಗ ಹುಟ್ಟಾ ನೌಕರಿ ಮಾಡಿ ನಿವೃತ್ತಿ ಆದವರು. ರಿಟೈರ್ ಆದಮ್ಯಾಲೆ ಅವರಿಗೆ ಒಂದ ಕೊರಗು, ಓಣ್ಯಾಗ ಯಾರ ಮ್ಯಾಲೂ ಕೇಸ್ ಇಲ್ಲ ಅನ್ನೂದು. ಹಾದಿ ಜಗಳ ಆದ್ರೂ ಮಂದಿ ಮಠದ ಕಟ್ಟಿ ಮ್ಯಾಲೆ ಕುಂತು ಬಗಿಹರಿಸಿಕೊಂಡುಬಿಡ್ತಾರ. ಕೈಯಾಗ ಕಾಯ್ದೆ ಪುಸ್ತಕ ಹಿಡಕೊಂಡ ಬಂದಿದ್ರು. ಅಂದ್ರ ಮೊದಲಿಂದ ಕೇಳಸಿಕೊಂಡ ನಿಂತಿದ್ರು.

“ಕಲಂ 183,” ಅಂದ್ರು, ಚಸ್ಮಾ ಏರಿಸಿಕೊಂತ. “ಮೋಟಾರು ವಾಹನ ಕಾಯ್ದೆ, 1988. 2019ರಾಗ ತಿದ್ದುಪಡಿ ಆಗೇತಿ. ಸಣ್ಣ ಗಾಡಿಗೆ 1,000ದಿಂದ 2,000 ರೂಪಾಯಿ, ದೊಡ್ಡ ಗಾಡಿಗೆ 2,000ದಿಂದ 4,000. ನಮ್ಮ ರಾಜ್ಯದಾಗ ಸ್ಥಳದಾಗ ಕಟ್ಟೂದಾದ್ರ ಕಾರಿಗೆ ಸಾವಿರ. ಎರಡನೇ ಸಲ ಸಿಕ್ಕರ ಲೈಸೆನ್ಸ್ ಜಪ್ತಿಗೆ ಬರ್ತೈತಿ.”

“ಜೇಲು?” ಅಂದ್ರು ವೈನಿ. ಅವರ ದನಿಯೊಳಗ ಹೆದರಿಕಿ ಇತ್ತೋ ಆಸೆ ಇತ್ತೋ ನನಗ ತಿಳೀಲಿಲ್ಲ.

“ಇಲ್ಲ ತಂಗಿ. 130 ದಾಟಿದ್ರ ಬ್ಯಾರೆ ಮಾತು. 2024ರ ಆಗಸ್ಟಿನಿಂದ 130 ದಾಟಿದವರ ಮ್ಯಾಲೆ ಎಫ್‌ಐಆರ್ ಹಾಕ್ರಿ ಅಂತ ಆದೇಶ ಆಗೇತಿ. ಅದು ಅಜಾಗರೂಕ ಚಾಲನೆ, ಹೊಸಾ ನ್ಯಾಯ ಸಂಹಿತಾದ ಕಲಂ 281. ಇವಂದು ನೂರಾ ಹದಿನೇಳು. ಬರೇ 183.”

ಬರೇ ಅಂದಿದ್ದು ಅಣ್ಣಾರಿಗೆ ಸ್ವಲ್ಪ ಅಪಮಾನ ಆದಂಗ ಕಾಣಿಸ್ತು.

ಕಾಕಾ ಹಾಳಿ ತಿರುವಿದ್ರು. ಈ ಕಲಮಿನ್ಯಾಗ ಒಂದು ಚಂದದ ಮಾತು ಐತಿ ಅಂದ್ರು. ಒಬ್ಬನ ಸಾಕ್ಷಿ ನಿಂತು ‘ನನ್ನ ಕಣ್ಣಿಗೆ ಜೋರ ಕಂಡ್ತರಿ’ ಅಂದ್ರ ಅಷ್ಟಕ್ಕ ಶಿಕ್ಷಾ ಆಗಂಗಿಲ್ಲ. ಯಂತ್ರದಿಂದ ಅಳದ ಲೆಕ್ಕಾ ಇರಬೇಕು. 2019ರಾಗ ‘ಎಲೆಕ್ಟ್ರಾನಿಕ್’ ಅನ್ನೂದನ್ನೂ ಸೇರಿಸಿದ್ರು. ಅಂದ್ರ ಕಾಯ್ದೆಗೂ ಮನಷ್ಯಾನ ಕಣ್ಣಿನ ಮ್ಯಾಲೆ ನಂಬಿಗಿ ಇಲ್ಲ. ಈ ಅಪನಂಬಿಗಿ ಹಳೇದು. ವೇಗಕ್ಕ ಮೊದಲ ದಂಡ ಬಿದ್ದದ್ದು ಇಂಗ್ಲೆಂಡಿನ ಕೆಂಟ್ ಸೀಮಿಯೊಳಗ, 1896ರ ಜನವರಿಯಾಗ, ವಾಲ್ಟರ್ ಆರ್ನಾಲ್ಡ್ ಅನ್ನಾಂವಗ. ಮಿತಿ ಇದ್ದದ್ದು ತಾಸಿಗೆ 2 ಮೈಲು, ಆಸಾಮಿ ಹೊಂಟಿದ್ದು 8 ಮೈಲು. ಒಬ್ಬ ಪೊಲೀಸ ಸೈಕಲ್ ತುಳಕೊಂತ ಐದು ಮೈಲು ಬೆನ್ನತ್ತಿ ಹಿಡದನಂತ. ದಂಡ ಒಂದು ಶಿಲ್ಲಿಂಗ್, ಖರ್ಚು ಬ್ಯಾರೆ. ಎಂಟು ಮೈಲು ಅಂದ್ರ ಹದಿಮೂರು ಕಿಲೋಮೀಟರ್. ಇಂಡಿಪಂಪಿನ್ಯಾಗ ಸಂಜಿ ಆರು ಗಂಟೆಗೆ ಆ ವೇಗ ಸಿಕ್ಕರ ನಾವು ದೇವರಿಗೆ ಕಾಯಿ ಒಡಸ್ತೇವಿ.

ಅಲ್ಲಿಯ ಮಂದೀನೂ ನಮ್ಮಂಥವರ. 1905ರಾಗ ಅಲ್ಲಿ ಕಾರಿನವರು ಒಂದು ಸಂಘ ಕಟ್ಟಿದ್ರು, ಮುಖ್ಯ ಕೆಲಸ ಏನಂದ್ರ ಪೊಲೀಸರು ಎಲ್ಲಿ ಅಡಗಿ ಕುಂತಾರ ಅಂತ ಸದಸ್ಯರಿಗೆ ಮೊದಲ ತಿಳಸೂದು. ಹಂಗ ಎಚ್ಚರಿಸೂದೂ ತಪ್ಪು ಅಂತ ಕೋರ್ಟು ಹೇಳಿದಮ್ಯಾಲೆ ಒಂದು ಹೊಸಾ ಉಪಾಯ ಮಾಡಿದ್ರು. ಸಂಘದ ಆಳು ಸೈಕಲ್ ಮ್ಯಾಲೆ ನಿಂತು ಸದಸ್ಯರ ಗಾಡಿಗೆಲ್ಲಾ ಸಲಾಂ ಹೊಡೀತಿದ್ದ. ಸಲಾಂ ಹೊಡೀಲಿಲ್ಲ ಅಂದ್ರ ಮುಂದ ಪೊಲೀಸ್ ಐತಿ ಅಂತ ತಿಳಕೋಬೇಕು. ಸಲಾಂ ಹೊಡೀಲಿಲ್ಲ ಅಂತ ಯಾರನ್ನ ಜೇಲಿಗೆ ಹಾಕತಾರ? ನಮ್ಮಲ್ಲಿ ಎದರಿನ ಲಾರಿಯಾಂವ ಹಗಲಹೊತ್ತಿನ್ಯಾಗ ಲೈಟು ಮಿಣಕಸ್ತಾನಲ್ಲ, ಅದ ವಂಶ. ಆದ್ರ ಕಂಬದ ಮ್ಯಾಲಿನ ಕ್ಯಾಮರಾಕ್ಕ ಲೈಟು ಮಿಣಕಸಿ ಹೇಳೂವಂಥಾದ್ದು ಏನೂ ಉಳದಿಲ್ಲ, ಸರ್ಕಾರಾನ ಬೋರ್ಡ್ ಹಚ್ಚಿ ಹೇಳಿರ್ತೈತಿ.

“ಬೋರ್ಡ್ ಇತ್ತೇನು?” ಅಂತ ಕಾಕಾ ತಟ್ಟನ ಕೇಳಿದ್ರು. “ನೆನಪು ಮಾಡಿಕೊಂಡು ಹೇಳು. ನಿಯಮ 167ಎ ಪ್ರಕಾರ ಕ್ಯಾಮರಾ ಐತಿ ಅಂತ ಎದ್ದು ಕಾಣೂವಂಗ ಬೋರ್ಡ್ ಇರಬೇಕು. ಯಂತ್ರಕ್ಕ ಅನುಮೋದನೆ ಸರ್ಟಿಫಿಕೇಟ್ ಇರಬೇಕು, ಅದನ್ನ ವರ್ಷಾ ಹೊಸದು ಮಾಡಿಸಬೇಕು. ತಪ್ಪು ಆದ 15 ದಿವ್ಸದಾಗ ನೋಟಿಸ್ ಬರಬೇಕು.”

“ಬೋರ್ಡ್ ಇತ್ತು ಕಾಕಾ,” ಅಂದ್ರು ವೈನಿ. “ನಾನ ಓದಿ ಹೇಳಿದೆ ಇವರಿಗೆ. ಮುಂದ ಕ್ಯಾಮರಾ ಐತಂತ, ಮಾರಿ ಒರಿಸಿಕೊಳ್ರಿ ಅಂದೆ.”

ಕಾಕಾರ ಮಾರಿ ಬಾಡಿತು. ಹಂಗಂತ ಬಿಡೂ ಪೈಕಿ ಅಲ್ಲ. ಆ 167ಎ ನಿಯಮದ ಬಗ್ಗೆ ಇನ್ನೊಂದು ಸುದ್ದಿ ಹೇಳಿದ್ರು. 2021ರ ಆಗಸ್ಟಿನ್ಯಾಗ ಕೇಂದ್ರ ಸರ್ಕಾರ ಅದನ್ನ ಹೊರಡಿಸಿದಾಗ ಹೆದ್ದಾರಿಗಳ ಜೋಡಿ 132 ಶಹರದ ಒಂದು ಪಟ್ಟಿನೂ ಹಚ್ಚಿತ್ತು, ಈ ಶಹರದಾಗ ಕ್ಯಾಮರಾ ಹಾಕ್ರಿ ಅಂತ. ನಮ್ಮ ರಾಜ್ಯದಾಗಿಂದು ಬೆಂಗಳೂರು, ದಾವಣಗೆರಿ, ಕಲಬುರಗಿ, ಮತ್ತ ನಮ್ಮ ಹುಬ್ಬಳ್ಳಿ–ಧಾರವಾಡ. ಗಾಳಿ ಹೊಲಸಾದ ಶಹರ ಅಂತ ಕೇಂದ್ರ ಸರ್ಕಾರ ಮಾಡಿದ ಪಟ್ಟಿಯೊಳಗೂ ನಮ್ಮ ರಾಜ್ಯದ ಇವ ನಾಕು ಹೆಸರು ಅದಾವ. ನಮ್ಮ ಊರ ಧೂಳು ನಮಗ ಇಷ್ಟು ಮಾನ ತಂದುಕೊಟ್ಟೀತು ಅಂತ ಯಾರು ತಿಳಕೊಂಡಿದ್ರು? ವೈನಿ ದಿನಾ ಎರಡು ಸಲ ಒರಸೂ ಕಟಾಂಜನಕ್ಕ ಕೈಮುಗೀಬೇಕು.

ಇನ್ನ ಕಟ್ಟೂದು ಬ್ಯಾಡ, ಕೋರ್ಟಿಗೆ ಹೋಗೂದು ಅಂದ್ರ ಹೆಂಗ ಅಂತ ಅಣ್ಣಾರು ಕೇಳಿದ್ರು. ಕಟ್ಟದ ಬಿಟ್ಟ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗ್ತೈತಿ, ಸಮನ್ಸ್ ಬರ್ತೈತಿ. ಆದ್ರ ತಪ್ಪು ಎಲ್ಲಿ ಆಗೇತಿ ಅಲ್ಲಿಯ ಕೋರ್ಟು. ಹುಬ್ಬಳ್ಳಿ ತಿಮ್ಮಸಾಗರದಾಗಿನ ಕೋರ್ಟು ಅಲ್ಲ, ಆ ಕಡಿದು. ಸಾವಿರ ರೂಪಾಯಿ ಉಳಸಾಕ ನಾನೂರಾ ಐವತ್ತು ಕಿಲೋಮೀಟರ್ ಹೋಗಬೇಕು, ಅದೂ ಹನ್ನೊಂದು ಗಂಟೆಯೊಳಗ ಮುಟ್ಟಬೇಕು. ಮುಟ್ಟೂದು ಹೆಂಗ? ನಾ ಇದನ್ನ ಹೇಳಿದ್ರ ಅಣ್ಣಾರು ತಮ್ಮ ಕಾಲಿನ ಕಡಿ ನೋಡಿಕೊಂಡ್ರು.

ಕಾಕಾ ಅದಕ್ಕೂ ದಾರಿ ಹೇಳಿದ್ರು. ಕಲಂ 208. ಇಂಥಾ ಸಣ್ಣ ಕೇಸಿನ್ಯಾಗ ಖುದ್ದಾಗಿ ಬರೂದು ಬ್ಯಾಡ, ದಂಡದ ರೊಕ್ಕಾ ಮನಿಆರ್ಡರ್ ಮಾಡಿ ಅದರ ಕೂಪನ್ನಿನ್ಯಾಗ ತಪ್ಪು ಒಪ್ಪಿಕೊಂಡೇನಿ ಅಂತ ಬರದ್ರ ನಡೀತೈತಿ ಅಂತ ಕೋರ್ಟು ಸಮನ್ಸಿನ್ಯಾಗ ಹೇಳಬೇಕು. 1988ರಾಗ ಬರದ ಮಾತು.

ನಾ ಒಮ್ಮೆ ತಿಮ್ಮಸಾಗರದ ಆ ಹೊಸಾ ಕೋರ್ಟು ನೋಡೇನಿ. 2018ರಾಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರು ಬಂದು ಉದ್ಘಾಟನೆ ಮಾಡಿದ್ದು, ಭಾಳ ದೊಡ್ಡ ಕಟ್ಟಡ. ನಮ್ಮ ಮ್ಯಾಲಿನ ಖೋಲಿಯಾಗ ಬಾಡಿಗಿ ಇದ್ದ ಕಾಲೇಜ್ ಹುಡುಗಾ ವಿದ್ಯಾನಗರದ ರಸ್ತಾದಾಗ ಬೈಕ್ ಬಿಟ್ಟು ಲೇಸರ್ ಗನ್ನಿಗೆ ಸಿಕ್ಕಿದ್ದ. ಚಿಗರಿ ಬಸ್ಸಿನ ಜೋಡಿ ಪಂಥಾ ಕಟ್ಟಿದ್ದನಂತ. ಚಿಗರಿಗೆ ತಂದ ಒಂದು ಖಾಸಾ ದಾರಿ ಐತಿ, ನಡುವ ಕಟಾಂಜನ ಐತಿ. ಇಂವಗ ಏನೂ ಇರಲಿಲ್ಲ, ಹದಿನೆಂಟು ವಯಸ್ಸು ಅಷ್ಟ ಇತ್ತು. ದಂಡ ಕಟ್ಟದ ಸುಮ್ನ ಕುಂತ, ಸಮನ್ಸ್ ಬಂತು, ಊರಿಂದ ಅಪ್ಪ ಬಂದಾನು ಅಂತ ಹೆದರಿ ನನ್ನ ಕರಕೊಂಡ ಹೋದ.

ಬಾಗಲದ ಹೊರಗ ಬಾಕಿನ ಮ್ಯಾಲೆ ಎಲ್ಲಾ ನಮೂನಿ ಮಂದಿ. ಹೆಲ್ಮೆಟ್ ಹಾಕದಾಂವ ಹೆಲ್ಮೆಟ್ ಹಿಡಕೊಂಡ ಬಂದಿದ್ದ. ಕುಡದು ಗಾಡಿ ಹೊಡದಾಂವ ಹಣಿಗೆ ಮೂರು ಬಟ್ಟು ವಿಭೂತಿ ಹಚಕೊಂಡಿದ್ದ. ಒಬ್ಬ ಟೆಂಪೋ ಡ್ರೈವರ್ ಎಲ್ಲರಿಗೂ ಬುದ್ಧಿ ಹೇಳಾಕತ್ತಿದ್ದ, ‘ಒಳಗ ಹೋಗಿ ವಾದಾ ಮಾಡಬ್ಯಾಡ್ರಿ, ಒಪ್ಪಿಕೊಂಡ್ರ ಮಧ್ಯಾಹ್ನ ಊಟಕ್ಕ ಮನಿಗೆ, ಇಲ್ಲಾಂದ್ರ ತಾರೀಖು ಮ್ಯಾಲೆ ತಾರೀಖು.’ ನಮ್ಮ ಹುಡುಗಾ ರಾತ್ರಿಯೆಲ್ಲಾ ಕುಂತು ಭಾಷಣ ತಯಾರ ಮಾಡಿದ್ದ. ಗೆಳ್ಯಾಗ ಆರಾಮ ಇರಲಿಲ್ಲ, ಕಿಮ್ಸಿಗೆ ಔಷಧ ಮುಟ್ಟಿಸೂದಿತ್ತು, ಮಳಿ ಬರೂ ಹಂಗ ಇತ್ತು, ಎಲ್ಲಾ ಇತ್ತು ಅದರಾಗ. ಹೆಸರು ಕೂಗಿದ್ರು, ಒಳಗ ಹೋಗಿ ಕೈಮುಗದು ನಿಂತ. ಮ್ಯಾಜಿಸ್ಟ್ರೇಟರು ಹಾಳಿ ನೋಡಿ ಕೇಳಿದ್ರು: “ತಪ್ಪು ಒಪ್ಪಿಕೊಳ್ತೀರೇನು?”

“ಹೌದ್ರಿ, ಆದ್ರ...”

ಹೌದು ಅಂದಿದ್ದನ್ನ ಬರಕೊಂಡ್ರು. ಆದ್ರ ಅನ್ನೂದನ್ನ ಬರಕೊಳ್ಳಾಕ ಆ ಹಾಳಿಯಾಗ ಜಾಗಾ ಇರಲಿಲ್ಲ. ಮುಂದಿನವನ ಹೆಸರು ಕೂಗಿದ್ರು. ರೊಕ್ಕಾ ಕಟ್ಟಿ, ರಸೀದಿ ಇಸಕೊಂಡು ಹೊರಗ ಬಂದು, ಕೋರ್ಟಿನ ಎದರಿಗೆ ಗಿರ್ಮಿಟ್ ತಿನ್ನುವಾಗ ಆ ಹುಡುಗಾ ಪೂರಾ ಭಾಷಣ ನನ್ನ ಮುಂದ ಮಾಡಿ ಮುಗಿಸಿದ. ಛಲೋ ಇತ್ತು. ಗೆಳ್ಯಾನ ಆರಾಮಿನ ವಿಚಾರ ನಾ ಕೇಳಲಿಲ್ಲ.

ಈ ಕತಿ ಕೇಳಿ ಅಣ್ಣಾರು ಕೋರ್ಟಿನ ಆಸೆ ಬಿಟ್ರು, ರಿಯಾಯಿತಿಗೆ ಬಂದು ನಿಂತ್ರು. ಅದೂ ಖರೇನ. 2023ರ ಫೆಬ್ರುವರಿಯೊಳಗ ಬಾಕಿ ದಂಡಕ್ಕ ಅರ್ಧಾ ಬಿಡ್ತೇವಿ ಅಂತ ಸರ್ಕಾರ ಹೇಳಿದಾಗ ರಾಜ್ಯದ ತುಂಬ ಮಂದಿ ಪಾಳಿ ಹಚ್ಚಿದ್ರು, ನೂರು ಕೋಟಿ ಮ್ಯಾಲೆ ರೊಕ್ಕಾ ಬಂತು. ರಾಜ್ಯ ಕಾನೂನು ಸೇವಾ ಪ್ರಾಧಿಕಾರದವರು ಹೇಳಿದ ಉಪಾಯ ಅದು, ಕೋರ್ಟಿನ್ಯಾಗ ಗುಡ್ಡ ಬಿದ್ದ ಸಣ್ಣ ಕೇಸು ಕರಗಲಿ ಅಂತ. ಆಮ್ಯಾಲೆ ಅದ ವರ್ಷ ಮತ್ತ ಬಂತು. 2025ರಾಗ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಇನ್ನೊಮ್ಮೆ. ನಡುವ ಗಣಪತಿ ಹಬ್ಬ ಇತ್ತು, ಅರಬಿ ಅಂಗಡಿಯವರೂ ರಿಬೇಟ್ ಹಾಕಿದ್ರು, ಪೊಲೀಸರೂ ಹಾಕಿದ್ರು. ನನ್ನ ಕೇಳಿದ್ರ ಈ ರಿಯಾಯಿತಿ ಒಂದು ಕೆಟ್ಟ ಚಟಾ ಹಚ್ಚಿಬಿಟ್ಟೈತಿ. ದಂಡ ಬಿದ್ದ ದಿವ್ಸ ಕಟ್ಟಿದಾಂವ ಹುಚ್ಚಪ್ಯಾಲಿ, ಎರಡು ವರ್ಷ ಮಕಕೊಂಡಾಂವ ಶಾಣ್ಯಾ ಅಂತ ಆತು. ಫಿನ್‌ಲ್ಯಾಂಡಿನ್ಯಾಗ ನೋಡ್ರಿ, ಅವರು ಗಳಿಕಿ ನೋಡಿ ದಂಡ ಹಾಕತಾರ. 2023ರಾಗ ಅಲ್ಲಿ ಒಬ್ಬ ದೊಡ್ಡ ಸಾಹುಕಾರ ಐವತ್ತರ ಮಿತಿ ಇದ್ದಲ್ಲಿ ಎಂಬತ್ತೆರಡು ಹೋದದ್ದಕ್ಕ 1,21,000 ಯೂರೋ ಕಟ್ಟಿದ. ಒಂದು ಕೋಟಿ ರೂಪಾಯಿ ಮ್ಯಾಲೆ ಆತು. ಆ ಪದ್ಧತಿ ಇಲ್ಲಿ ಬಂದ್ರ ಗೋಕುಲ ರೋಡಿನ ಕೆಲವು ಕಾರಿನವರು ಸೈಕಲ್ ತಗೊಳ್ತಾರ.

“ಅರ್ಧಾ ಅಂದ್ರ ಐದನೂರು ಉಳೀತೈತಿ,” ಅಂತ ಅಣ್ಣಾರು ಬೆರಳಿನ್ಯಾಗ ಲೆಕ್ಕಾ ಹಾಕಾಕತ್ತಿದ್ರು.

“ಐದನೂರು,” ಅಂದ್ರು ವೈನಿ. ದನಿ ಬದಲಾಗಿತ್ತು. “ನಮ್ಮ ಬೈಪಾಸಿನ್ಯಾಗ ಇಟಿಗಟ್ಟಿ ಹತ್ರ ಆದದ್ದು ಮರತ್ರೇನು? ಸಂಕ್ರಮಣದ ಮರುದಿವ್ಸ?”

ಯಾರೂ ಮರತಿಲ್ಲ. 2021ರ ಜನವರಿ 15, ಬೆಳಗ್ಗಿನ ಹೊತ್ತು. ದಾವಣಗೆರಿ ಗೆಳತ್ಯಾರು ಕೂಡಿ ಗೋವಾಕ್ಕ ಹೊಂಟಿದ್ರು. ಎದರಿಂದ ಟಿಪ್ಪರ್ ಬಂತು. ಹತ್ತಕ್ಕಿಂತ ಹೆಚ್ಚು ಮಂದಿ ಹೋದ್ರು. ಆ ಬೈಪಾಸು ಆಗ ಎರಡ ಪಟ್ಟಿ ರಸ್ತಾ, ನಡುವ ಡಿವೈಡರ್ ಇರಲಿಲ್ಲ, ಹಿಂದ ಮುಂದ ನಾಕು ಪಟ್ಟಿ ಹೆದ್ದಾರಿಯಿಂದ ಅದ ಹುರುಪಿನ್ಯಾಗ ಬಂದ ಗಾಡಿ ತಟ್ಟನ ಇಕ್ಕಟ್ಟಿಗೆ ಬಿದ್ದಂಗ ಆಗ್ತಿತ್ತು. ಮಂದಿ ಬಾಯಾಗ ಅದರ ಹೆಸರ ಸಾವಿನ ರಸ್ತಾ ಅಂತ ಆಗಿತ್ತು. ಅದಾದಮ್ಯಾಲೆ ಅಗಲ ಮಾಡೂ ಕೆಲಸ ಬಂತು. ವೈನಿ ತಂಗಿ ಮನಿ ದಾವಣಗೆರ್ಯಾಗ. ಅವರು ಮುಂದ ಏನೂ ಹೇಳದ ಒಳಗ ಹೋದ್ರು. ಅಣ್ಣಾರ ಮೊಬೈಲು ಅವರ ಕೈಯಾಗ ಇತ್ತು, ನಾವು ಯಾರೂ ಲಕ್ಷ್ಯ ಕೊಡಲಿಲ್ಲ.

ಸ್ವಲ್ಪ ಹೊತ್ತು ಗ್ವಾಡಿ ಎರಡೂ ಕಡಿ ಮಾತು ನಿಂತಿತ್ತು. ಅಂಥಾ ಹೊತ್ತಿನ್ಯಾಗ ಏನರ ಮಾತಾಡಿ ತುಂಬಸೂದು ಕಾಕಾರ ಸ್ವಭಾವ. ಮತ್ತ ಪುಸ್ತಕ ತಗದ್ರು. ಓದಿಕೊಂತ ಓದಿಕೊಂತ ಅವರ ಕಣ್ಣು ಸಣ್ಣ ಆದ್ವು.

“ತಮ್ಮಾ, ಇದನ್ನ ಕೇಳು. 183ರ ನಾಕನೇ ಉಪಕಲಂ. ಇಂತಿಷ್ಟು ವ್ಯಾಳ್ಯಾದಾಗ ಪ್ರಯಾಣ ಮುಗೀಬೇಕು ಅಂತ ಯಾರರ ವೇಳಾಪಟ್ಟಿ ಪ್ರಕಟ ಮಾಡಿದ್ರ, ಇಲ್ಲಾ ಹಂಗಂತ ಅಪ್ಪಣಿ ಕೊಟ್ರ, ಮತ್ತ ವೇಗದ ಮಿತಿ ಮುರೀದ ಆ ವ್ಯಾಳ್ಯಾದಾಗ ಮುಟ್ಟೂದು ಆಗದ ಮಾತು ಅಂತ ಕೋರ್ಟಿಗೆ ಅನಿಸಿದ್ರ, ಆ ಪಟ್ಟಿ ಪ್ರಕಟ ಮಾಡಿದವರು ಅಪರಾಧ ಮಾಡ್ಯಾರ ಅನ್ನೂದಕ್ಕ ಅದ ಮೇಲ್ನೋಟದ ಸಾಕ್ಷಿ!”

“ಅದು ಬಸ್ಸಿನವರಿಗೆ ಬರದದ್ದು ಕಾಕಾ,” ಅಂದೆ ನಾ.

“ಬಸ್ಸು ಅಂತ ಎಲ್ಲಿ ಬರದೈತಿ, ತೋರಸು. ವೇಳಾಪಟ್ಟಿ ಅಂತ ಐತಿ. ಲಗ್ನಪತ್ರಿಕಿ ಅಂದ್ರ ಏನು? ‘11 ಗಂಟೆಗೆ ಸಲ್ಲುವ ಶುಭ ಮುಹೂರ್ತ’ ಅಂತ ಅಚ್ಚು ಹಾಕಿಸಿ ಮನಿಮನಿಗೆ ಹಂಚ್ಯಾರ. ಪ್ರಕಟಣೆ ಆತೋ ಇಲ್ಲೋ?”

ಅಣ್ಣಾರ ಮಾರಿ ಮ್ಯಾಲೆ ಬೆಳಕು ಮೂಡಿತು. “ಅಂದ್ರ ತಪ್ಪು ನಮ್ಮ ಅಕ್ಕಂದು?”

“ಅಕ್ಕಂದ ಅಷ್ಟ ಅಲ್ಲ. 2019ರ ಮ್ಯಾಲೆ ಒಂದನೇ ಉಪಕಲಮಿನ್ಯಾಗ ಇನ್ನೊಂದು ಸೇರೈತಿ. ತನ್ನ ಹತೋಟಿಯೊಳಗ ಇರೂ ಮನಷ್ಯಾನ ಕಡಿಂದ ಹಂಗ ಗಾಡಿ ಹೊಡಸಿದವರೂ ತಪ್ಪಿತಸ್ಥರು.” ಕಾಕಾ ದನಿ ಸಣ್ಣ ಮಾಡಿ ಅಡಗಿ ಮನಿ ಕಡಿ ನೋಡಿದ್ರು. “ಗಾಡಿಯಾಗ ‘ಲಗೂ ನಡೀರಿ, ಅಕ್ಕಿಕಾಳು ತಪ್ಪತಾವ’ ಅಂತ ಯಾರರ ಅಂದಿದ್ರೇನು?”

“ಬಿಡದಿಯಿಂದ ಮದ್ದೂರಿನ ತನಕ ಅಂದ್ಲು!”

“ಮತ್ತ ನೀ ಯಾರ ಹತೋಟಿಯೊಳಗ ಇದ್ದೀ?”

ಅಣ್ಣಾರು ಉತ್ತರ ಕೊಡಲಿಲ್ಲ. ಓಣಿಗೆಲ್ಲಾ ಗೊತ್ತಿರೂ ಸಂಗತಿಗೆ ಸಾಕ್ಷಿ ಬೇಕಾಗಂಗಿಲ್ಲ. ಕಾಕಾ ಆಗಲೇ ಕೋರ್ಟಿನ್ಯಾಗ ನಿಂತಂಗ ನಿಂತಿದ್ರು. ವಾಲ್ಟರ್ ಆರ್ನಾಲ್ಡನಿಂದ ಇಲ್ಲಿ ತನಕ ಇಂಥಾ ವಾದ ಯಾರೂ ಮಾಡಿಲ್ಲ, ಹೈಕೋರ್ಟಿಗೆ ಬೇಕಾದ್ರೂ ಹೋಗೂದು, ಪತ್ರಿಕಿಯ ಅಸಲು ಪ್ರತಿ ಜ್ವಾಕಿ ಇಡು, ಲಕೋಟಿ ಹರೀಬ್ಯಾಡ ಅಂತೆಲ್ಲಾ ಹೇಳಾಕತ್ತಿದ್ರು. ಅಪ್ಪೀಲಿಗೆ ಮೈಸೂರಿನ ಪುರೋಹಿತರನ್ನೂ ಸಾಕ್ಷಿ ಕರಸಬೇಕು ಅಂದ್ರು, ಮುಹೂರ್ತ ತಗದವರು ಅವರಲ್ಲ?

ವೈನಿ ಚಾ ತಂದು ಗ್ವಾಡಿ ಮ್ಯಾಲೆ ಇಟ್ರು. ಬಾಜೂಕ ಮೊಬೈಲೂ ಇಟ್ರು.

“ಕಟ್ಟಿದೆ.”

“ಏನು?” ಅಂದ್ರು ಅಣ್ಣಾರು.

“ದಂಡಾ. ಸಾವಿರ. ನಿಮ್ಮ ಖಾತೆಯಿಂದ. ರಸೀದಿ ಮೊಬೈಲಿಗೆ ಬಂದೈತಿ, ಪ್ರಿಂಟ್ ತಗಸಿ ಗಾಡಿ ಕಾಗದದಾಗ ಇಡ್ರಿ, ಮತ್ತ ಬಾಕಿ ಐತಿ ಅಂತ ತೋರಿಸಿದ್ರ ಕೈಯಾಗ ಇರಲಿ.”

ಕಾಕಾ ಪುಸ್ತಕ ಮುಚ್ಚಿ ಅದರ ಮ್ಯಾಲೆ ಕೈ ಇಟ್ಟರು. “ತಂಗೀ, ಎಂಥಾ ಕೇಸು ಹಾಳ ಮಾಡಿದಿ! ಕಟ್ಟಿದ್ರ ಒಪ್ಪಿಕೊಂಡಂಗ. ಇನ್ನ ಏನೂ ಉಳೀಲಿಲ್ಲ ಮಾತಾಡಾಕ.”

“ಇಲ್ಲ ಯಾಕ ಕಾಕಾ? ಮುಂದಿನ ತಿಂಗಳ ಇವರ ತಮ್ಮಂದು ಶಿವಮೊಗ್ಗದಾಗ ಮನಿ ಶಾಂತಿ ಐತಿ. ಪತ್ರಿಕಿಯೊಳಗ ಮುಂಜಾನೆ ಆರಕ್ಕ ಅಂತ ಅಚ್ಚು ಹಾಕಸ್ಯಾರ.”

“ಆರಕ್ಕ?” ಕಾಕಾ ಚಸ್ಮಾ ಏರಿಸಿಕೊಂಡ್ರು. “ಪತ್ರಿಕಿ ತಗೊಂಬಾ, ನೋಡೂಣು.”